ಮೂಗು ಸೋರುವ ಮೊಲಕ್ಕೆ ಮಕ್ಕಳ ಸಿರಪ್ ಬೇಡ

ಅಕ್ಕಾ, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಎರಡು ವರ್ಷದ ಮೊಲ, ವಾರದಿಂದ ಸೀನು, ಮೂಗಲ್ಲಿ ಬಿಳಿ ಸಿಂಬಳ. ಮಗುವಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಸಿರಪ್ ನಿನ್ನೆಯಿಂದ ಬಾಯಿಗೆ ಹಾಕ್ತಿದ್ದೀರಿ, ರಾತ್ರಿ ವಿಕ್ಸ್ ಹಾಕಿ ಹಬೆ ಕೊಡ್ತಿದ್ದೀರಿ. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಆ ಸಿರಪ್ ನಿಲ್ಲಿಸಿ. ಮುಂದಿನ ಡೋಸ್ ಕೊಡಲೇಬೇಡಿ.

ಈ ಗುಂಪಲ್ಲಿ ಇದನ್ನ ಎಷ್ಟು ಸಲ ಬರೆದರೂ ಮತ್ತೆ ಯಾರೋ ಕೊಟ್ಟಿರ್ತಾರೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಆಗ್ಮೆಂಟಿನ್, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಯಾವುದೂ ಮೊಲದ ಬಾಯಿಗೆ ಹೋಗಬಾರದು. ಕುರುಡುಗರುಳಲ್ಲಿ, ಅಂದರೆ ದೊಡ್ಡ ಕರುಳಿನ ಶುರುವಿನ ಚೀಲದಲ್ಲಿ, ಹುಲ್ಲು ಅರಗಿಸೋ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಅನ್ನೋ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತೆ. ಔಷಧಿ ನಿಲ್ಲಿಸಿದ ಕೆಲವು ದಿನಗಳ ಮೇಲೂ ಭೇದಿ ಶುರುವಾಗಬಹುದು. ಹಾಗಾಗಿ ಇನ್ನೊಂದು ವಾರ ಹಿಕ್ಕೆ ಮೇಲೆ ಕಣ್ಣಿಡಿ. ನೀರಾಗಿ ಬಂದರೆ, ಕಿವಿ ತಣ್ಣಗಾದರೆ ಆ ಗಂಟೆಯಲ್ಲೇ ಆಸ್ಪತ್ರೆ. ಹೊಟ್ಟೆ ಸರಿಹೋಗಲಿ ಅಂತ ಕೆಳಗಿನ ಕಾಮೆಂಟಲ್ಲಿ ಒಬ್ಬರು ಮೊಸರು ಕೊಡಿ ಅಂದಿದ್ದಾರೆ, ಅದೂ ಬೇಡ. ಹೊಟ್ಟೆ ಸರಿಹೋಗೋಕೆ ಒಣಹುಲ್ಲು, ನೀರು ಸಾಕು. ಹಾಂ, ಡಾಕ್ಟರು ಪೆನಿಸಿಲಿನ್ ಇಂಜೆಕ್ಷನ್ ಚರ್ಮದ ಕೆಳಗೆ ಕೊಟ್ಟರೆ ಗಾಬರಿ ಬೀಳಬೇಡಿ, ಅದನ್ನ ಮೊಲಗಳಿಗೆ ಬಳಸ್ತಾರೆ. ಅಪಾಯ ಇರೋದು ಬಾಯಿಂದ ಕೊಟ್ಟಾಗ.

ಇಂಥ ಸೋಂಕಿಗೆ ಡಾಕ್ಟರು ಸಾಮಾನ್ಯವಾಗಿ ಬರೆದುಕೊಡೋದು ಎನ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್, ಕೆಜಿಗೆ 5ರಿಂದ 10 ಮಿಗ್ರಾಂ, 12 ಗಂಟೆಗೊಮ್ಮೆ. ತೂಕ ಅಂದಾಜು ಹೇಳಬೇಡಿ, ಕ್ಲಿನಿಕ್ಕಲ್ಲೇ ತೂಗಿಸಿ. ಕೋರ್ಸು ಕಡಿಮೆ ಅಂದರೂ ಎರಡು ವಾರ, ಹಳೇ ಸೋಂಕಾದರೆ ತಿಂಗಳು ದಾಟುತ್ತೆ. ಐದನೇ ದಿನ ಸೀನು ನಿಂತಿತು ಅಂತ ಔಷಧಿ ನಿಲ್ಲಿಸೋರೇ ಜಾಸ್ತಿ, ಅದಕ್ಕೇ ರೋಗ ತಿರುಗಿ ಬರೋದು. ಎರಡು ಕೋರ್ಸಿಗೂ ಬಗ್ಗದಿದ್ದರೆ ಮೂಗಿನ ಒಳಗಿಂದ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆಸಿ ಕಲ್ಚರ್ ಮಾಡಿಸಿ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಲ್ಯಾಬಲ್ಲಿ ಬೆಳೆಸಿ ನೋಡಿಸಿ. ಎಲ್ಲರೂ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಅಂತಾರೆ, ಆದರೆ ಬೋರ್ಡೆಟೆಲ್ಲಾ, ಸ್ಟ್ಯಾಫಿಲೋಕಾಕಸ್, ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಕೂಡ ಇದೇ ಥರ ಬಿಳಿ ಸಿಂಬಳ ತರಿಸುತ್ತವೆ. ಒಂದಕ್ಕೆ ತಾಗೋ ಔಷಧಿ ಇನ್ನೊಂದಕ್ಕೆ ತಾಗಲ್ಲ.

ಈಗ ಹಬೆ ವಿಷಯ. ಬಿಸಿ ಹಬೆ ಬೇಡ, ವಿಕ್ಸ್, ನೀಲಗಿರಿ ಎಣ್ಣೆ, ಕರ್ಪೂರ ಮೊದಲೇ ಬೇಡ. ಮೊಲ ಉಸಿರಾಡೋದು ಮೂಗಿಂದ. ಕೆರಳಿ ಊದಿಕೊಂಡಿರೋ ಮೂಗನ್ನ ಘಾಟಿನಿಂದ ಇನ್ನಷ್ಟು ಕೆರಳಿಸಿದರೆ ಅದಕ್ಕೆ ಬೇರೆ ದಾರಿ ಇಲ್ಲ. ಬೇಕಾಗಿರೋದು ನೆಬ್ಯುಲೈಸರ್, ಅಂದರೆ ದ್ರವವನ್ನ ಬಿಸಿ ಮಾಡದೆ ಸಣ್ಣ ಮಂಜು ಮಾಡೋ ಯಂತ್ರ, ಅದರೊಳಗೆ ಬರೀ 0.9% ಸಲೈನ್, ಅಂದರೆ ಶುದ್ಧ ಉಪ್ಪುನೀರಿನ ದ್ರಾವಣ. ನಿಜ ಹೇಳಬೇಕಂದ್ರೆ ಗಟ್ಟಿ ಸಿಂಬಳದ ಮೊಲಕ್ಕೆ ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

ಯಂತ್ರ ಕಂಪ್ರೆಸರ್ ಥರದ್ದು ತಗೊಳ್ಳಿ. ಓಮ್ರಾನ್ ಕಂಪನಿಯದಾದರೂ ಸರಿ, ಕಡಿಮೆ ಬೆಲೆಯದಾದರೂ ಸರಿ, ಸಲೈನಿಗೆ ಎರಡೂ ಸಾಕು. ಸದ್ದು ಎಲ್ಲದರಲ್ಲೂ ಇದೆ, ಅದಕ್ಕೆ ಯಂತ್ರವನ್ನ ಮಡಿಸಿದ ಟವೆಲ್ ಮೇಲಿಟ್ಟು ಪೈಪು ಎಳೆಯುವಷ್ಟು ದೂರ ಇಡಿ. ಗಾಳಿ ಎಳೆಯೋ ಕಿಂಡಿ ಮುಚ್ಚದಂತೆ ನೋಡ್ಕೊಳ್ಳಿ. ಮೊದಲ ಒಂದೆರಡು ದಿನ ಪಕ್ಕದಲ್ಲಿ ಸುಮ್ಮನೆ ಓಡಿಸಿ, ಸದ್ದು ರೂಢಿಯಾಗಲಿ. ಮಾಸ್ಕ್ ಮುಖಕ್ಕೆ ಒತ್ತಿ ಹಿಡಿಯೋದು ಬೇಡ, ಹೆದರಿ ಒದ್ದರೆ ಬೆನ್ನುಮೂಳೆ ಮುರಿಯಬಹುದು. ಪ್ರಯಾಣದ ಕ್ಯಾರಿಯರ್ ತಗೊಂಡು ಒಳಗೆ ಜಾರದ ಮ್ಯಾಟ್ ಹಾಸಿ, ಮೂರು ಬದಿ, ಮೇಲೆ ಟವೆಲ್ ಮುಚ್ಚಿ, ಪೈಪಿನ ತುದಿಯಲ್ಲಿರೋ, ಮಂಜು ಬರೋ ಕಪ್ಪನ್ನ ಮೊಲದ ಮೂಗಿನ ಎತ್ತರಕ್ಕೆ ಕಟ್ಟಿ. ನಾಲ್ಕನೇ ಬದಿ ತೆರೆದೇ ಇರಲಿ. ಪೂರ್ತಿ ಮುಚ್ಚಿದರೆ ಒಳಗೆ ಕಾವು ಏರುತ್ತೆ. ಕಪ್ಪಿಗೆ 3ರಿಂದ 5 ಎಂಎಲ್ ಸಲೈನ್, 10ರಿಂದ 15 ನಿಮಿಷ, ದಿನಕ್ಕೆ ಎರಡು ಸಲ. ಮುಗಿದ ಮೇಲೆ ಸೀನು ಜಾಸ್ತಿ ಬರುತ್ತೆ, ಅದೇ ಬೇಕಾಗಿದ್ದು, ಒಳಗಿನದು ಸಡಿಲವಾಗಿ ಹೊರಗೆ ಬರ್ತಿದೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಮೂಗು ಒರೆಸಿ, ತೇವ ಆರಿಸಿ, ತಕ್ಷಣ ಕೊತ್ತಂಬರಿ ಸೊಪ್ಪು ಮುಂದಿಡಿ. ಮೂಗು ಕಟ್ಟಿದ ಮೊಲ ವಾಸನೆ ಸಿಗದೆ ಊಟ ಬಿಡುತ್ತೆ, ಬಿಡುಗಡೆಯಾದ ಆ ಅರ್ಧ ಗಂಟೆಯಲ್ಲಿ ಚೆನ್ನಾಗಿ ತಿನ್ನುತ್ತೆ.

ಮನೆಯಲ್ಲಿ ಉಪ್ಪುನೀರು ಕಾಯಿಸಿ ಹಾಕಬೇಡಿ. ಮೆಡಿಕಲ್ಲಲ್ಲಿ 100 ಎಂಎಲ್ ಎನ್‌ಎಸ್ (ನಾರ್ಮಲ್ ಸಲೈನ್, ಅದೇ 0.9%) ಬಾಟಲಿ ಸಿಗುತ್ತೆ, ರಬ್ಬರ್ ಮೂಲಕ ಸಿರಿಂಜಲ್ಲಿ ಎಳೆದುಕೊಳ್ಳಿ, ಚುಚ್ಚಿದ ಬಾಟಲಿಯನ್ನ ಮಾರನೇ ದಿನಕ್ಕೆ ಇಡಬೇಡಿ. ಮನೆಯಲ್ಲಿ ಆಸ್ತಮಾದವರ ಬುಡೆಕಾರ್ಟ್ ಇದೆ ಅಂತ ಅದನ್ನ ಸುರಿಯೋರೂ ಇದ್ದಾರೆ. ಅದು ಸ್ಟಿರಾಯ್ಡ್. ಸೋಂಕಿರೋ ಮೊಲಕ್ಕೆ ಸ್ಟಿರಾಯ್ಡ್ ಕೊಟ್ಟರೆ ಇರೋ ಪ್ರತಿರೋಧವೂ ಕುಗ್ಗುತ್ತೆ. ಆ ಯಂತ್ರದ ಕಪ್ಪನ್ನ ಪ್ರತಿ ಸಲ ತೊಳೆದು ಒಣಗಿಸಿ. ಬಯಲುಸೀಮೆ ಕಡೆಯವರು ಬೇಸಿಗೆಯಲ್ಲಿ ಇದನ್ನ ಬೆಳಗಿನ ಜಾವ ಮಾಡಿ, 28 ಡಿಗ್ರಿ ದಾಟಿದ ಮೇಲೆ ಟವೆಲ್ ಮುಚ್ಚಿದ ಕ್ಯಾರಿಯರ್ ಬೇಡ.

ನಿಮ್ಮ ಫೋಟೋದಲ್ಲಿ ಟ್ರೇ ಕೆಳಗೆ ಮರದ ಮಿಲ್ಲಿನ ಪುಡಿ ಕಾಣ್ತಿದೆ. ತೆಗೆದುಹಾಕಿ. ದೂಳೂ ಏಳುತ್ತೆ, ಮೂತ್ರ ಬಿದ್ದ ಮೇಲೆ ಅಮೋನಿಯಾನೂ ಏಳುತ್ತೆ. ಬಗ್ಗಿ ನಿಮ್ಮ ಮೂಗನ್ನ ಟ್ರೇ ಮಟ್ಟಕ್ಕೆ ತಂದು ನೋಡಿ, ನಿಮಗೇ ಚುರ್ ಅಂದರೆ ಮೊಲ ಇಡೀ ದಿನ ಅದನ್ನೇ ಉಸಿರಾಡ್ತಿದೆ. ಅಮೋನಿಯಾ ಮೂಗಿನೊಳಗಿನ ಸಣ್ಣ ರೋಮಗಳ ಕೆಲಸ ಕೆಡಿಸುತ್ತೆ, ಆಮೇಲೆ ಎಂಥ ಔಷಧಿ ಕೊಟ್ಟರೂ ಅರ್ಧಂಬರ್ಧ. ಪೇಪರ್ ಹಾಸಿ ದಿನಾ ಬದಲಿಸಿ. ಟ್ರೇಯ ಬಿಳಿ ಕರೆಗೆ ವಿನಿಗರ್, ನೀರು ಸಮಸಮ ಹಾಕಿ ಕಾಲು ಗಂಟೆ ಬಿಟ್ಟು ಉಜ್ಜಿ. ಮೂತ್ರದ ಮೇಲೆ ಬ್ಲೀಚ್ ಸುರಿಯಬೇಡಿ, ಏಳೋ ಅನಿಲ ನಿಮಗೂ ಅಪಾಯ. ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ, ಫಿನಾಯಿಲ್ ನಿಲ್ಲಿಸಿ, ಕಿಟಕಿಗೆ ಸೊಳ್ಳೆಪರದೆ ಹಾಕಿಸಿ. ಒಣಹುಲ್ಲನ್ನ ಹೊರಗೆ ಕೊಡವಿ ತನ್ನಿ. ಕರಾವಳಿಯವರು ಮಳೆಗಾಲದಲ್ಲಿ ಮೂಟೆಗಟ್ಟಲೆ ತರಬೇಡಿ, ಬೂಸು ಹಿಡಿದ ಹುಲ್ಲಿನ ದೂಳಿಗೂ ಸೀನು ಬರುತ್ತೆ.

ಇನ್ನೊಂದು, ಸಿಂಬಳ ಎರಡೂ ಹೊಳ್ಳೆಯಲ್ಲಿದೆಯೋ ಒಂದರಲ್ಲಿ ಮಾತ್ರವೋ ನೀವು ಬರೆದಿಲ್ಲ. ಒಂದೇ ಕಡೆ ಸೋರಿ, ಅದೇ ಕಡೆ ಕಣ್ಣಲ್ಲೂ ನೀರಿದ್ದರೆ ಹಲ್ಲಿನ ಬೇರು ನೋಡಿಸಬೇಕು, ತಲೆಯ ಎಕ್ಸ್‌ರೇ ಇಲ್ಲದೆ ಅದು ತಿಳಿಯಲ್ಲ. ಇದ್ದಕ್ಕಿದ್ದ ಹಾಗೆ ಒಂದೇ ಹೊಳ್ಳೆಯಿಂದ ಜೋರು ಸೀನಾದರೆ ಹುಲ್ಲಿನ ಚೂರು ಸಿಕ್ಕಿರಬಹುದು. ಮುಂಗಾಲಿನ ಒಳಬದಿಯ ಕೂದಲೂ ನೋಡಿ. ಮೂಗು ಒಣಗಿದಂತೆ ಕಂಡರೂ ಅಲ್ಲಿ ಕೂದಲು ಜಡೆಗಟ್ಟಿ ಅಂಟಂಟಾಗಿದ್ದರೆ ಒರೆಸಿಕೊಳ್ತಾನೇ ಇದೆ ಅಂತ ಅರ್ಥ.

ಮಲಗಿರುವಾಗ ಪಕ್ಕೆ ಏಳೋದನ್ನ ಒಂದು ನಿಮಿಷ ಎಣಿಸಿ. 30ರಿಂದ 60 ಸರಿ. ತಲೆ ಮೇಲೆತ್ತಿ ಹೊಳ್ಳೆ ಅರಳಿಸ್ತಿದ್ದರೆ, ಬಾಯಿ ತೆರೆದು ಉಸಿರಾಡಿದರೆ, 12 ಗಂಟೆ ಏನೂ ತಿನ್ನದಿದ್ದರೆ ಇಲ್ಲಿ ಕಾಮೆಂಟ್ ಕಾಯಬೇಡಿ. ನೀವು ಬೆಂಗಳೂರಲ್ಲೇ ಇರೋದರಿಂದ ಮೊಲ ನೋಡೋ ಡಾಕ್ಟರು ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಮೊಲವನ್ನ ಅಂಗಾತ ಮಲಗಿಸಿಕೊಳ್ಳಬೇಡಿ, ಉಸಿರು ಇನ್ನೂ ಕಟ್ಟುತ್ತೆ.

ಜೊತೆಗೆ ಗಿನಿಪಿಗ್ ಇದೆ ಅಂದಿದ್ದೀರಿ, ಇವತ್ತೇ ಬೇರೆ ಕೋಣೆಗೆ ಕಳಿಸಿ. ಮೊಲದಲ್ಲಿ ಸುಮ್ಮನಿರೋ ಬೋರ್ಡೆಟೆಲ್ಲಾ ಗಿನಿಪಿಗ್‌ಗೆ ನ್ಯುಮೋನಿಯಾ ತರುತ್ತೆ. ಊಟ ಹಾಕೋವಾಗ ಮೊದಲು ಅದಕ್ಕೆ, ಆಮೇಲೆ ಮೊಲಕ್ಕೆ, ನಡುವೆ ಸೋಪಲ್ಲಿ ಕೈ ತೊಳೀರಿ. ಯಾವ ಹೊಳ್ಳೆ, ತೂಕ ಎಷ್ಟು, ಹಿಕ್ಕೆ ಹೇಗಿದೆ, ಈ ಮೂರನ್ನ ಇವತ್ತು ರಾತ್ರಿಯೇ ಇಲ್ಲಿ ಬರೀರಿ.