ಅಕ್ಕನ ಪ್ರಾರ್ಥನೆಯನ್ನು ವಿರೋಧಿಸುವ ನಾನೂ ಮತಾಂಧನೇ?

ಪ್ರಶ್ನೆ: ನನಗೆ 38 ವರ್ಷ, ಹತ್ತು ವರ್ಷದಿಂದ ನಾಸ್ತಿಕ. ಮುಂದಿನ ತಿಂಗಳು ಅಮ್ಮನಿಗೆ ಹೃದಯದ ಬೈಪಾಸ್ ಆಪರೇಷನ್. ಅಕ್ಕ ದಿನಾ ಸಂಜೆ ಅವರ ಪಕ್ಕ ಕೂತು ಪ್ರಾರ್ಥಿಸುತ್ತಾಳೆ. ‘ಪ್ರಾರ್ಥನೆಯಿಂದ ರೋಗಿಗೆ ಹಾನಿ, ವಿಜ್ಞಾನ ಹೇಳಿದೆ’ ಎಂದು 2006ರ ಅಧ್ಯಯನವೊಂದನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅಕ್ಕ ಮಾತು ಬಿಟ್ಟಿದ್ದಾಳೆ. ‘ನಿಮಗೂ ಮತಾಂಧರಿಗೂ ಏನು ವ್ಯತ್ಯಾಸ?’ ಅಂತ ಹೆಂಡತಿ ಕೇಳುತ್ತಾಳೆ. ನನ್ನದು ವಿವೇಕವೋ, ಬರೀ ಆವೇಶವೋ?

ಉತ್ತರ: ದೇವರಿಲ್ಲ ಎನ್ನುವವರು ವಿವೇಕದಿಂದಲೂ ಹೇಳಬಹುದು, ಆವೇಶದಿಂದಲೂ ಹೇಳಬಹುದು. ನಿಮ್ಮದು ಯಾವುದು ಎಂಬುದಕ್ಕೆ ಸುಳಿವು ನೀವು ಗುಂಪಿಗೆ ಹಾಕಿದ ಅಧ್ಯಯನದಲ್ಲೇ ಇದೆ. ಅದನ್ನೇ ಬಿಚ್ಚಿ ನೋಡೋಣ.

ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಮೊದಲ ಎರಡು ಗುಂಪಿನವರಿಗೆ ‘ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು’ ಎಂದಷ್ಟೇ ಹೇಳಲಾಗಿತ್ತು. ಪ್ರಾರ್ಥನೆ ನಡೆದವರಲ್ಲಿ ಶೇ. 52, ನಡೆಯದವರಲ್ಲಿ ಶೇ. 51 ಮಂದಿಗೆ ತೊಡಕುಗಳು ಕಾಣಿಸಿಕೊಂಡವು. ಅಂದರೆ ವ್ಯತ್ಯಾಸವಿಲ್ಲ. ಮೂರನೆಯ ಗುಂಪಿಗೆ ಪ್ರಾರ್ಥನೆ ಖಂಡಿತ ನಡೆಯುತ್ತದೆ ಎಂದು ತಿಳಿಸಿದ್ದರು, ಅಲ್ಲಿ ಶೇ. 59. ನೀವು ಎತ್ತಿಕೊಂಡದ್ದು ಈ ಕೊನೆಯ ಅಂಕಿಯನ್ನು ಮಾತ್ರ. ಅದು ಆಕಸ್ಮಿಕವಾಗಿಯೂ ಬಂದಿರಬಹುದು ಎಂದು ಸಂಶೋಧಕರೇ ಹೇಳಿದ್ದರು. ಇನ್ನೂ ಒಂದು ವಿಷಯ: ಅಲ್ಲಿ ಪ್ರಾರ್ಥಿಸಿದವರು ರೋಗಿಗಳಿಗೆ ಪರಿಚಯವೇ ಇಲ್ಲದವರು, ದೂರದಲ್ಲಿ ಕೂತು 14 ದಿನ ಪ್ರಾರ್ಥಿಸಿದರು. ಮನೆಯವರ ಪ್ರಾರ್ಥನೆಯನ್ನು ಯಾರೂ ತಡೆದಿರಲಿಲ್ಲ. ಮಗಳು ಕೈ ಹಿಡಿದು ಪಕ್ಕ ಕೂತರೆ ತಾಯಿಯ ಭಯ ಕಡಿಮೆಯಾಗುತ್ತದೆಯೇ ಎಂಬುದನ್ನು ಆ ಅಧ್ಯಯನ ಪರೀಕ್ಷಿಸಲೇ ಇಲ್ಲ.

ಹಾಗಾಗಿ ‘ಅಪರಿಚಿತರ ಪ್ರಾರ್ಥನೆಯಿಂದ ಆಪರೇಷನ್ನಿನ ಫಲಿತಾಂಶ ಸುಧಾರಿಸಿದ್ದು ಕಂಡಿಲ್ಲ’ ಎಂದಿದ್ದರೆ ಅದು ಗಟ್ಟಿ ಮಾತು, ಅಕ್ಕ ಒಪ್ಪದಿದ್ದರೂ ಗಟ್ಟಿಯೇ. ‘ಹಾನಿ, ವಿಜ್ಞಾನ ಹೇಳಿದೆ’ ಎಂದದ್ದು ಆವೇಶ. ನಿಮ್ಮ ನಾಸ್ತಿಕತೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆ ಒಂದು ಸಾಲಿನಲ್ಲಿ ಕಾಣುತ್ತದೆ.

ಈ ಜಾರುವಿಕೆ ಬುದ್ಧಿವಂತರಿಗೂ ತಪ್ಪಿದ್ದಲ್ಲ. 1979ರಲ್ಲಿ ಮರಣದಂಡನೆಯ ಪರ 24, ವಿರುದ್ಧ 24 ವಿದ್ಯಾರ್ಥಿಗಳಿಗೆ ಎರಡೂ ಬಗೆಯ ಅಧ್ಯಯನಗಳನ್ನು ಓದಲು ಕೊಟ್ಟಿದ್ದರು. ತಮಗೆ ಹಿತವಾದದ್ದನ್ನು ಅವರು ಸಲೀಸಾಗಿ ಒಪ್ಪಿಕೊಂಡರು, ಒಗ್ಗದ್ದರಲ್ಲಿ ಹುಳುಕು ಹುಡುಕಿದರು. ಕೊನೆಗೆ ಎರಡೂ ಕಡೆಯವರು ಮೊದಲಿಗಿಂತ ಬಿಗಿಯಾದರು. ‘ನಿಷ್ಪಕ್ಷಪಾತವಾಗಿರಿ’ ಎಂದು ಬುದ್ಧಿ ಹೇಳುವುದರಿಂದ ಇದು ಹೋಗುವುದಿಲ್ಲ ಎಂದು 1984ರಲ್ಲಿ ಅದೇ ಬಗೆಯ ಪ್ರಯೋಗ ತೋರಿಸಿತು. ‘ಇದೇ ಅಧ್ಯಯನ ಉಲ್ಟಾ ಫಲಿತಾಂಶ ಕೊಟ್ಟಿದ್ದರೆ ಇದರ ವಿಧಾನವನ್ನು ಹೀಗೇ ಮೆಚ್ಚುತ್ತಿದ್ದೆನೇ?’ ಎಂದು ಕೇಳಿಕೊಂಡವರಲ್ಲಿ ಮಾತ್ರ ಪಕ್ಷಪಾತ ಇಳಿಯಿತು. ಏನನ್ನಾದರೂ ಫಾರ್ವರ್ಡ್ ಮಾಡುವ ಮುನ್ನ ಆ ಪ್ರಶ್ನೆ ಕೇಳಿಕೊಳ್ಳಿ, ಉತ್ತರವನ್ನು ಬರೆದಿಡಿ. ಮನಸ್ಸಿನಲ್ಲೇ ಉತ್ತರಿಸಿದರೆ ನಮಗೆ ಬೇಕಾದ್ದೇ ಬರುತ್ತದೆ.

ಜೊತೆಗೆ ಒಂದು ಹಾಳೆಯಲ್ಲಿ ಅಕ್ಕ ನಂಬುವುದೇನೆಂದು ನಾಲ್ಕು ಸಾಲಿನಲ್ಲಿ ಬರೆಯಿರಿ. ‘ಹೌದು, ನಾನು ಹೇಳೋದು ಇದನ್ನೇ’ ಎಂದು ಅವರೇ ಒಪ್ಪುವಂತಿರಬೇಕು. ಇಲ್ಲಿ ಬಹುತೇಕರು ಎಡವುತ್ತಾರೆ: ‘ದೇವರು ರೋಗ ವಾಸಿ ಮಾಡುತ್ತಾನೆ’ ಎಂದು ತಾವೇ ಬರೆದುಕೊಂಡು ಅದನ್ನು ಹೊಡೆದುಹಾಕುತ್ತಾರೆ. ಅಕ್ಕ ಹೇಳುತ್ತಿರುವುದು ‘ಅಮ್ಮ ಹೆದರಿದ್ದಾಳೆ, ನನ್ನಿಂದ ಬೇರೇನೂ ಮಾಡಲಾಗುತ್ತಿಲ್ಲ’ ಎಂದಿದ್ದರೆ, ನಿಮ್ಮ ಪುರಾವೆಯೆಲ್ಲ ಬೇರೆ ಯಾರಿಗೋ ಕೊಟ್ಟ ಉತ್ತರವಾಯಿತು.

ಹಾಗೆಂದು ಎಲ್ಲಕ್ಕೂ ತಲೆಯಾಡಿಸಿ ಎನ್ನುತ್ತಿಲ್ಲ. ಪ್ರಾರ್ಥನೆ ಇದೆಯಲ್ಲ ಎಂದು ಮಾತ್ರೆ ಬಿಡಿಸಿದರೆ, ಆಪರೇಷನ್ ಮುಂದೂಡಿಸಿದರೆ, ಬೇಕಾದಾಗ ರಕ್ತ ಏರಿಸುವುದನ್ನು ಬೇಡವೆಂದರೆ ಅಂದೇ ವಿರೋಧಿಸಿ, ನೇರವಾಗಿ. ಆದರೆ ಅದನ್ನು ವಾದವಾಗಿ ಬೆಳೆಸಬೇಡಿ. ಅಮ್ಮ ಮತ್ತು ಅಕ್ಕ ಇಬ್ಬರನ್ನೂ ಸರ್ಜನ್ ಬಳಿ ಕರೆದೊಯ್ದು, ಯಾವ ಮಾತ್ರೆ ಯಾವ ದಿನದವರೆಗೆ, ರಕ್ತ ತೆಳುವಾಗಿಸುವ ಮಾತ್ರೆ ಯಾವಾಗ ನಿಲ್ಲಿಸಬೇಕು, ತಡಮಾಡಿದರೆ ಅಪಾಯವೇನು ಎಂದು ಸರ್ಜನ್ ಬಾಯಲ್ಲೇ ಹೇಳಿಸಿ. ಕೊನೆಯ ತೀರ್ಮಾನ ಅಮ್ಮನದು. ಅವರ ದೇಹ, ಅವರ ಒಪ್ಪಿಗೆ. ನೀವು ಬರೆದಿರುವುದರಲ್ಲಿ ಅಂಥದ್ದೇನೂ ನಡೆದಿಲ್ಲ. ದಿನಾ ಸಂಜೆ ಒಬ್ಬಳು ಮಗಳು ತಾಯಿಯ ಪಕ್ಕ ಕೂರುತ್ತಿದ್ದಾಳೆ, ಅಷ್ಟೇ.

ಇವತ್ತೇ ಅಕ್ಕನಿಗೆ ಫೋನ್ ಮಾಡಿ. ಮೆಸೇಜ್ ಬೇಡ. ‘ಆ ಅಧ್ಯಯನವನ್ನು ನಾನು ತಪ್ಪಾಗಿ ಹೇಳಿದೆ. ನನಗೆ ನಂಬಿಕೆಯಿಲ್ಲ, ಅದು ಬದಲಾಗಿಲ್ಲ. ಆದರೆ ಅಮ್ಮನ ಭಯ ಹೆಚ್ಚಿಸುವ ಮಾತು ಆಡಬಾರದಿತ್ತು’ ಎನ್ನಿ. ‘ಆದರೂ ನೀನು...’ ಎಂದು ಮುಂದುವರಿಸಿದಿರೋ, ಕೆಟ್ಟಿತು. ಆಮೇಲೆ ಗುಂಪಿನಲ್ಲಿ ಮೂರೂ ಅಂಕಿ ಹಾಕಿ ತಿದ್ದುಪಡಿ ಬರೆಯಿರಿ. ಹಳೆಯ ಸಂದೇಶವನ್ನು ಅಮ್ಮ ಓದಿರಬಹುದು, ಅಳಿಸಿದರೆ ಸಾಲದು.

ಸಂಜೆಯ ಹೊತ್ತು ನೀವೂ ಹೋಗಿ. ಕೈ ಮುಗಿಯಬೇಕಿಲ್ಲ, ತುಟಿ ಅಲ್ಲಾಡಿಸಬೇಕಿಲ್ಲ. ಅಮ್ಮನ ಇನ್ನೊಂದು ಪಕ್ಕ ಖಾಲಿ ಇರುತ್ತದಲ್ಲ, ಅಲ್ಲಿ ಕೂತುಕೊಳ್ಳಿ.