ನಿಕೋಡೆಮಸ್ ಸೋತ ಊರಲ್ಲ

ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಬಂದ ಓದುಗರೊಬ್ಬರು ಬರೆದಿದ್ದಾರೆ: "ಕಾನ್ಸಾಸ್ ರಾಜ್ಯದ ಗ್ರಹಾಂ ಕೌಂಟಿಯ ನಿಕೋಡೆಮಸ್ ಬಗ್ಗೆ ನಿಮ್ಮ ಲೇಖನ ಓದಿದೆ. 24ನೇ ಹೆದ್ದಾರಿಯಲ್ಲಿ ಹೋಗುವಾಗ ಆ ಊರು ನೋಡಿದ್ದೇನೆ. ನಾಲ್ಕಾರು ಮನೆ, ಅಷ್ಟೇ. ರೈಲು ಬರಲಿಲ್ಲ, ಊರು ಮುಗಿಯಿತು. ಸೋತ ಊರಿಗೆ ಅಷ್ಟೊಂದು ಪುಟ ಯಾಕೆ?"

ನಮಸ್ಕಾರ ಸರ್. ಊರನ್ನು ಕಣ್ಣಾರೆ ನೋಡಿ ಬಂದು ಕೇಳಿದ್ದೀರಿ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ರೈಲಿನ ವಿಷಯ ನಿಜ. ಸೋತ ಊರು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಇಲ್ಲಿಗೆ ಬಂದವರು ಯಾರು ನೋಡಿ. 1877ರಲ್ಲಿ ಕೆಂಟಕಿಯಿಂದ ಹೊರಟ ಕಪ್ಪು ಜನ. ಗುಲಾಮಗಿರಿ ಮುಗಿದು ಆಗಿನ್ನೂ 12 ವರ್ಷ. ಹೆಚ್ಚಿನವರು ಇನ್ನೊಬ್ಬರ ಆಸ್ತಿಯಾಗಿ ಬದುಕಿದ್ದವರೇ. ಇಲ್ಲಿ ಸರ್ಕಾರದ ಜಮೀನು ಸಿಗುತ್ತದೆ, ಸ್ವಂತ ಊರು ಕಟ್ಟಬಹುದು ಎಂಬ ಕರಪತ್ರ ನಂಬಿ ಹೊರಟರು. ಎಲ್ಲಿಸ್‌ನಲ್ಲಿ ರೈಲಿಳಿದ ಮೇಲೂ ಸುಮಾರು 35 ಮೈಲಿ ಬಯಲು ದಾಟಬೇಕಿತ್ತು.

1878ರ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬಾಕೆ ತಮ್ಮ ನೆನಪು ಹೇಳಿದ್ದಾರೆ. ಜೊತೆಯವರು "ಅಗೋ ನಿಕೋಡೆಮಸ್" ಎಂದು ಕೂಗಿದರು. ಎಷ್ಟು ನೋಡಿದರೂ ಆಕೆಗೆ ಊರು ಕಾಣಲಿಲ್ಲ. ಗಂಡ ಕೈತೋರಿಸಿದ ಕಡೆ ನೆಲದಿಂದ ಹೊಗೆ ಬರುತ್ತಿತ್ತು. ಕಟ್ಟಲು ಮರವಿಲ್ಲದೆ ಜನ ನೆಲ ಕೊರೆದು ಒಳಗೆ ವಾಸವಿದ್ದರು. ಆಕೆ ಅತ್ತುಬಿಟ್ಟರು. ಕೆಲವರು ಕೆಂಟಕಿಗೆ ವಾಪಸ್ ಹೊರಟರು. ಮೊದಲ ಚಳಿಗಾಲದಲ್ಲಿ ಊಟಕ್ಕೇ ತತ್ವಾರವಾದಾಗ, ಬೇಟೆ ಮುಗಿಸಿ ಬರುತ್ತಿದ್ದ ಓಸೇಜ್ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರು ಆಹಾರ ಕೊಟ್ಟರು. ತಮ್ಮ ನೆಲವನ್ನೇ ಕಳೆದುಕೊಂಡಿದ್ದ ಜನ ಅವರು. ಈ ಕೌಂಟಿಯ ಚರಿತ್ರೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಇದೇ.

ಉಳಿದವರಲ್ಲಿ ಕುದುರೆ, ನೇಗಿಲು ಇದ್ದವರು ತೀರಾ ಕಡಿಮೆ. ಗುದ್ದಲಿಯಲ್ಲೇ ಹೊಲ ಅಗೆದರು. ಹತ್ತು ವರ್ಷದೊಳಗೆ ಶಾಲೆ, ಚರ್ಚು, ಹೋಟೆಲು, ಅಂಗಡಿ ಎಲ್ಲಾ ಬಂದವು. ಇಲ್ಲಿಗೆ ಬಂದು ನೆಲೆಸಿದ್ದ ಕಪ್ಪು ಜನಾಂಗದ ಎಡ್ವರ್ಡ್ ಮೆಕ್‌ಕೇಬ್ 1882ರಲ್ಲಿ ಇಡೀ ಕಾನ್ಸಾಸ್ ರಾಜ್ಯದ ಆಡಿಟರ್ ಆಗಿ ಚುನಾಯಿತರಾದರು. ಗುಲಾಮಗಿರಿ ಹೋಗಿ 20 ವರ್ಷವೂ ಆಗಿರಲಿಲ್ಲ, ಅಲ್ವಾ?

ಇನ್ನು ರೈಲು. ಅದಕ್ಕಾಗಿ ಊರವರು ಕೈಕಟ್ಟಿ ಕೂತಿರಲಿಲ್ಲ. 1887ರಲ್ಲಿ ರೈಲು ತರಿಸಲು 16,000 ಡಾಲರ್ ಬಾಂಡ್‌ಗೆ, ಅಂದರೆ ಸಾಲಪತ್ರಕ್ಕೆ, ಮತ ಹಾಕಿದರು. ಆದರೂ ಮರುವರ್ಷ ಹಳಿ ಸಾಲೊಮನ್ ನದಿಯ ಆಚೆ ದಡದಲ್ಲಿ ಹೋಯಿತು. ಅಂಗಡಿಯವರು ಗಂಟುಮೂಟೆ ಕಟ್ಟಿ ಅತ್ತ ನಡೆದರು. ಅಲ್ಲಿ ಬೋಗ್ ಎಂಬ ಊರು ಹುಟ್ಟಿತು. ಆಮೇಲೆ 1930ರ ದಶಕದ ಬರ, ಧೂಳಿನ ಬಿರುಗಾಳಿ. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಇದೆಲ್ಲ ಜನ ಸೋತ ಲೆಕ್ಕವಲ್ಲ. ಹಳಿ ಎಲ್ಲಿ ಹಾಕಬೇಕೆಂದು ಬೇರೆ ಯಾರೋ ತೀರ್ಮಾನಿಸಿದರು, ಅಷ್ಟೇ. ಇಡೀ ಗ್ರಹಾಂ ಕೌಂಟಿಯಲ್ಲೇ 2020ರ ಜನಗಣತಿಯಂತೆ 2,415 ಜನ. ಖಾಲಿಯಾಗಿರುವುದು ನಿಕೋಡೆಮಸ್ ಒಂದೇ ಅಲ್ಲ. ಆದರೆ ದೂರ ಹೋದ ನಿಕೋಡೆಮಸ್‌ನವರು ಊರು ಬಿಟ್ಟುಕೊಡಲಿಲ್ಲ. ಅವರ ಒತ್ತಾಯದಿಂದಲೇ 1996ರಲ್ಲಿ ಇದು ರಾಷ್ಟ್ರೀಯ ಚಾರಿತ್ರಿಕ ತಾಣವಾಯಿತು. ಹಳೆಯ ಐದು ಕಟ್ಟಡಗಳು ಇಂದೂ ನಿಂತಿವೆ.

ನೀವು ಸುಮ್ನೆ ಹಾದುಹೋದ ದಿನ ರಸ್ತೆ ಖಾಲಿ ಇದ್ದಿರಬೇಕು. ಮತ್ತೆ ಹೋದರೆ ಜುಲೈ ಕೊನೆಯ ವಾರ ನೋಡಿಕೊಂಡು ಹೋಗಿ. ವಿಮೋಚನೆಯ ಹಬ್ಬಕ್ಕೆ ದೇಶದ ಮೂಲೆಮೂಲೆಯಿಂದ ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ. ಯಾರನ್ನಾದರೂ ಮಾತಾಡಿಸಿ, ಅವರ ಮನೆತನದ ಕತೆ ಕೇಳಿ. ಕೇಳಿದ್ದನ್ನು ನಮಗೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ