ಹಳೆ ಸಿನಿಮಾ, ಸೀರಿಯಲ್‌ಗಳ ಸ್ವಾರಸ್ಯ ಎಲ್ಲಿ ಹುಡುಕುತ್ತೀರಿ, ಹೇಗೆ ಹಂಚಿಕೊಳ್ಳುತ್ತೀರಿ?

ಹಳೆ ಸಿನಿಮಾ, ಸೀರಿಯಲ್‌ಗಳ ಸ್ವಾರಸ್ಯವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ಒಬ್ಬರೂ ಮಾತಾಡುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ತಪ್ಪು ಮನೆಯವರದ್ದಲ್ಲ ಅನ್ನಿಸುತ್ತೆ. "ನಿಮಗಿದು ಗೊತ್ತೇ?" ಅಂತ ಶುರುವಾಗಿ ಉದ್ದಕ್ಕೆ ಎಲ್ಲವನ್ನೂ ಹೇಳಿ ಮುಗಿಸುವ ಫಾರ್ವರ್ಡ್ ಬಂದರೆ ನಾನೂ ಓದುವುದಿಲ್ಲ. ಓದಿದವರು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗಬೇಕು ಅಷ್ಟೇ, ಅಲ್ವಾ?

ಮೊದಲು ಹುಡುಕುವ ವಿಷಯ. ನನಗೆ ಜಾಸ್ತಿ ಸಿಗುವುದು ಟೈಟಲ್ ಕಾರ್ಡಿನಲ್ಲಿ. ಯೂಟ್ಯೂಬಿನಲ್ಲಿ ಎಲ್ಲರೂ ಓಡಿಸಿಬಿಡುವ ಆ ಮೊದಲ ನಿಮಿಷಗಳಿವೆಯಲ್ಲ, ಅಲ್ಲಿ. ಹೆಸರುಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿ, ಗೊತ್ತಿಲ್ಲದ ಒಂದು ಹೆಸರು ಹಿಡಿದು ಹೊರಡಿ.

ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ತಗೊಳ್ಳಿ. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದದ್ದು, ಆಗುಂಬೆಯಲ್ಲಿ ಚಿತ್ರೀಕರಣ ಆದದ್ದು ಎಲ್ಲರಿಗೂ ಗೊತ್ತು. ಶುರುವಿನಲ್ಲಿ ಬರುವ ರೇಖಾಚಿತ್ರಗಳು ಆ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದದ್ದು, ಇದೂ ಬಹಳ ಜನಕ್ಕೆ ಗೊತ್ತು. ಆದರೆ ಆ ಹೆಸರನ್ನೇ ಹಿಡಿದು ಹಿಂದಕ್ಕೆ ಹೋದರೆ 'ಕೊರವಂಜಿ' ಸಿಗುತ್ತೆ. ವೃತ್ತಿಯಲ್ಲಿ ವೈದ್ಯರಾಗಿದ್ದ ರಾಶಿ (ಡಾ. ಎಂ. ಶಿವರಾಂ) 1942ರಲ್ಲಿ ಶುರು ಮಾಡಿದ ಕನ್ನಡದ ಹಾಸ್ಯಪತ್ರಿಕೆ ಅದು. ಮುಂಬೈಗೆ ಹೋಗಿ ದೇಶಕ್ಕೆಲ್ಲ ಹೆಸರಾಗುವ ಮೊದಲು ಲಕ್ಷ್ಮಣ್ ಅದಕ್ಕೆ ಚಿತ್ರ ಬರೆಯುತ್ತಿದ್ದರು! ಇನ್ನು ಆ ಟೈಟಲ್ ಸಂಗೀತ. ಅದು ಎಲ್. ವೈದ್ಯನಾಥನ್ ಅವರದ್ದು. ಪಿಟೀಲು ವಾದಕರಾದ ಎಲ್. ಸುಬ್ರಹ್ಮಣ್ಯಂ ಮತ್ತು ಎಲ್. ಶಂಕರ್ ಅವರ ಅಣ್ಣ. ಒಂದೇ ಟೈಟಲ್, ಎರಡು ಹೆಸರು, ಒಂದು ಭಾನುವಾರ ಪೂರ್ತಿ ಹೋಗುತ್ತೆ. ನನಗಂತೂ ಸೀರಿಯಲ್ ನೋಡುವುದಕ್ಕಿಂತ ಇದೇ ಮಜಾ.

'ಸಂಸ್ಕಾರ'ದ ಟೈಟಲ್ ಕೂಡ ಹೀಗೇ. 1970ರ ಚಿತ್ರ. ಮಲೆನಾಡಿನ ಅಗ್ರಹಾರದ ಕಥೆಗೆ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೊವನ್. ಅದರಲ್ಲಿ ನಾರಣಪ್ಪನ ಪಾತ್ರ ಮಾಡಿದವರು ಸಾಹಿತಿ ಪಿ. ಲಂಕೇಶ್.

ಹಂಚಿಕೊಳ್ಳುವಾಗ ಉತ್ತರ ಕಳಿಸಬೇಡಿ, ಪ್ರಶ್ನೆ ಕಳಿಸಿ. ಕೊವನ್ ಬಗ್ಗೆ ಪುಟಗಟ್ಟಲೆ ಬರೆಯುವ ಬದಲು, ಅವರ ಹೆಸರು ಬರುವ ಕಡೆ ವಿಡಿಯೋ ನಿಲ್ಲಿಸಿ, ಒಂದು ಸ್ಕ್ರೀನ್‌ಶಾಟ್ ತೆಗೆದು "ಇವರು ಯಾವ ಊರಿನವರು ಹೇಳಿ ನೋಡೋಣ" ಅಂತ ಹಾಕಿ. ಲಿಂಕ್ ಕೊಡುವುದಾದರೆ ಎಷ್ಟನೇ ನಿಮಿಷ ಅಂತ ಬರೆಯಿರಿ, ಎರಡು ಗಂಟೆಯ ಸಿನಿಮಾ ಕಳಿಸಿ "ನೋಡಿ, ಚೆನ್ನಾಗಿದೆ" ಅಂದರೆ ಯಾರು ನೋಡುತ್ತಾರೆ? ದಿನಕ್ಕೆ ನಾಲ್ಕು ಹಾಕಬೇಡಿ, ವಾರಕ್ಕೊಂದು ಸಾಕು. ಗುಂಪಿಗೇ ಹಾಕಬೇಕು ಅಂತಲೂ ಇಲ್ಲ. ನಿಮ್ಮ ಚಿಕ್ಕಪ್ಪನಿಗೆ ಹಳೆ ಹಾಡಿನ ಹುಚ್ಚಿದ್ದರೆ ಅವರೊಬ್ಬರಿಗೇ ಕಳಿಸಿ. ಅವರು ತಿರುಗಿ ಫೋನೇ ಮಾಡಬಹುದು.

ಒಂದು ಎಚ್ಚರ ಮಾತ್ರ ಬೇಕು. ಈ ಲೋಕದಲ್ಲಿ ಸುಳ್ಳು ಬೇಕಾದಷ್ಟಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆ ಕಂಡದ್ದು 1934ರಲ್ಲಿ, ಅದರ ಪ್ರಿಂಟ್ ಉಳಿದಿಲ್ಲ. ಹಾಗಿರುವಾಗ ಯಾರಾದರೂ "ಮೊದಲ ಕನ್ನಡ ಸಿನಿಮಾದ ಅಪರೂಪದ ದೃಶ್ಯ" ಅಂತ ವಿಡಿಯೋ ಕಳಿಸಿದರೆ ಅನುಮಾನ ಬರಬೇಕು ತಾನೇ? ಫೋಟೋ ಆದರೆ ಗೂಗಲ್ ಲೆನ್ಸ್‌ಗೆ ಕೊಟ್ಟು ನೋಡಿ, ಬೇರೆ ಯಾವುದೋ ಭಾಷೆಯ ಚಿತ್ರದ್ದು ಅಂತ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತೆ. ತಾರೆಯರ ಬಾಯಿಗೆ ತುರುಕಿದ ದೊಡ್ಡ ದೊಡ್ಡ ಮಾತುಗಳನ್ನಂತೂ ನಾನು ಮುಂದಕ್ಕೆ ಕಳಿಸುವುದೇ ಇಲ್ಲ.

ನಿಮ್ಮ ಮನೆಯಲ್ಲಿ ವಿಷ್ಣುವರ್ಧನ್ ಅಭಿಮಾನಿಗಳಿದ್ದಾರಾ? ಹಾಗಿದ್ದರೆ ಇವತ್ತು ಸಂಜೆ ಇಷ್ಟೇ ಕೇಳಿ: "1972ರ 'ನಾಗರಹಾವು' ಬರುವ ಮೊದಲೇ ವಿಷ್ಣು ಒಂದು ಸಿನಿಮಾದಲ್ಲಿ ಕಾಣಿಸಿಕೊಂಡಿದ್ದರು, ಯಾವುದು?" 'ವಂಶವೃಕ್ಷ' ಅಂತ ನೀವಾಗಿ ಹೇಳಬೇಡಿ. ಯಾರಾದರೂ ಹೇಳಿಬಿಟ್ಟರೆ, 'ಮಾಲ್ಗುಡಿ ಡೇಸ್'ನ ಯಾವ ಕಂತಿನಲ್ಲಿ ವಿಷ್ಣು ಇದ್ದಾರೆ ಅಂತ ಕೇಳಿ.